ಮಗುಟದ ಪಟ್ಟಿ ಸುತ್ತಿದ ಇಸ್ತ್ರಿ ವಾಯರು

ನಮ್ಮ ಮನ್ಯಾಗ ಎಲ್ಲಾರೂ ವರ್ಷಾ ವರ್ಷಾ ಉದ್ದ ಆದ್ವಿ, ಇಸ್ತ್ರಿ ವಾಯರೊಂದು ವರ್ಷಾ ವರ್ಷಾ ಗಿಡ್ಡ ಆಗ್ತಾ ಬಂತು. ನಾನು ಹನ್ನೊಂದು ವರ್ಷದಾಕಿ ಇದ್ದಾಗ ಅದು ನನ್ನ ಎರಡರಷ್ಟು ಉದ್ದ ಇತ್ತು. ನನಗ ಹದಿನೈದು ತುಂಬೋದ್ರಾಗ ನನ್ನ ಜಡಿಗಿಂತ ಗಿಡ್ಡ ಆಗಿತ್ತು. ನನ್ನ ಜಡಿ ಭಾಳ ಉದ್ದ ಅಂತ ನಾನಾಗೇ ಹೇಳಿಕೊಳ್ಳೂದಿಲ್ಲ, ಶಾಲ್ಯಾಗ ಎಲ್ಲಾರೂ ಹೇಳ್ತಾರ.

ಆ ಇಸ್ತ್ರಿ ನಮ್ಮನಿಗೆ ಬಂದದ್ದ ತಪ್ಪಿ. ಕ್ಯಾಂಪಿನ್ಯಾಗ ಒಬ್ಬ ಗೋರಾ ಸಾಹೇಬ ವಿಲಾಯತಿಗೆ ಹೊಂಟಾಗ ಮನಿ ಸಾಮಾನೆಲ್ಲಾ ಲಿಲಾವಿಗೆ ಇಟ್ಟಿದ್ದ. ಅಪ್ಪ ಆರಾಮ ಖುರ್ಚಿ ತರ್ತೀನಿ ಅಂತ ಹೋದ್ರು. ಖುರ್ಚಿ ಬ್ಯಾರೆಯವರ ಪಾಲಾತು. ಬರೇ ಕೈಲೆ ಬರಲಿಕ್ಕೆ ನಾಚಿಕಿ ಆಗಿ ಕರೆಂಟಿನ ಇಸ್ತ್ರಿ ಹಿಡಕೊಂಡು ಬಂದ್ರು.

ಅವ್ವ ಅದನ್ನ ತಿರುವಿ ಮುರುವಿ ನೋಡಿ, "ಕೂಡಲಿಕ್ಕೆ ಏನರ ತರ್ರಿ ಅಂದ್ರ ಸುಟಗೊಳ್ಳಲಿಕ್ಕೆ ತಂದ್ರಿ" ಅಂದ್ಲು.

ಆವಾಗ ನಾವು ಪುಣ್ಯಾದ ಶನಿವಾರ ಪೇಠದ ಒಂದು ವಾಡೇದಾಗ ಬಾಡಿಗಿಗೆ ಇದ್ವಿ. ಈಗೂ ಅಲ್ಲೇ ಇದ್ದೀವಿ, ಆದ್ರ 'ಆವಾಗ' ಅಂತ ಬರದ್ರ ನನಗೂ ಒಂದಿಷ್ಟು ವಯಸ್ಸಾದಂಗ ಕಾಣಸ್ತದ. ಖರೇ ಅಂದ್ರ ಇದೆಲ್ಲಾ ಆಗಿ ಒಂದು ವರ್ಷ ಆತು ಅಷ್ಟ. ಮೂರು ಖೋಲಿ, ರೈಲು ಡಬ್ಬಿಗತೆ ಒಂದರ ಹಿಂದ ಒಂದು. ಮುಂದ ಪಡಸಾಲಿ, ಆಮ್ಯಾಲ ನಡುಮನಿ, ಹಿಂದ ಅಡಿಗಿಮನಿ. ಮೂರಕ್ಕೂ ಸೇರಿ ಒಂದ ದೀಪ, ನಡುಮನಿ ನಟ್ಟನಡುವ ಜೋತಾಡ್ತಿತ್ತು. ಮ್ಯಾಲಿನ ಮಜಲಿನ್ಯಾಗ ಇರೋ ಮಾಲಕರು ಒಂದು ಬಿಡಾರಕ್ಕ ಒಂದ ದೀಪ ಅಂತ ಕಾಯ್ದೆ ಮಾಡಿದ್ರು, ಅದಕ್ಕ ಇಸ್ತ್ರಿ ಹಚ್ಚೋದು ಅಂತೂ ಅವರ ಕಾಯ್ದೆದಾಗ ದರೋಡಿಗೆ ಸಮ. ನಾವು ಹಚ್ಚತಿದ್ವಿ. ಬಲ್ಬು ತಗದು, ಆ ಹೋಲ್ಡರಿಗೆ ಇಸ್ತ್ರಿ ವಾಯರಿನ ತುದಿ ಸಿಗಿಸಿದ್ರ ಮುಗೀತು. ಮ್ಯಾಲಿಂದ ವಾಯರು, ಅದರ ತುದೀಗೆ ಇಸ್ತ್ರಿ. ಪಡವಲಕಾಯಿಗೆ ಕಲ್ಲು ಕಟ್ಟಿ ಇಳಿಬಿಟ್ಟಂಗ.

ವಾಯರು ಗಿಡ್ಡ ಆಗಲಿಕ್ಕೆ ಕಾರಣ ನಮ್ಮ ಮಾಮಾ. ಮಾಮಾ ಅಂದ್ರ ಅವ್ವನ ತಮ್ಮ. ಧಾರವಾಡದಾಗ ಮ್ಯಾಟ್ರಿಕ್ ಮುಗಿಸಿ, ನೌಕರಿ ಹುಡಕಲಿಕ್ಕೆ ನಾಕು ದಿವಸ ಅಂತ ನಮ್ಮನಿಗೆ ಬಂದಾಂವ ನಾಕು ವರ್ಷ ಆದ್ರೂ ಹೋಗಿರಲಿಲ್ಲ. ಇಸ್ತ್ರಿ ಕೆಲಸ ಅವಂದು. ಇಸ್ತ್ರಿ ಕುತ್ತಿಗಿ ಹತ್ರ ವಾಯರು ಬಗ್ಗಿ ಬಗ್ಗಿ, ಮ್ಯಾಲಿನ ಹತ್ತಿ ನೂಲು ಸುಟ್ಟು, ಒಳಗಿನ ತಾಮ್ರ ಹಲ್ಲು ಕಿಸೀತಿತ್ತು. ಹಂಗಾದಾಗೆಲ್ಲಾ ಮಾಮಾ ಒಂದು ಗೇಣು ಕತ್ತರಿಸಿ ಒಗದು, ಉಳದ ತುದಿ ಮತ್ತ ಇಸ್ತ್ರಿಗೆ ಜೋಡಸ್ತಿದ್ದ. ವಾಯರು ಮ್ಯಾಲೇರಿದಂಗ ನಾವೂ ಅದರ ಬೆನ್ನು ಹತ್ತಿ ಮ್ಯಾಲೇರಿದ್ವಿ. ಮೊದಲನೇ ವರ್ಷ ನೆಲದ ಮ್ಯಾಲ ಕಂಬಳಿ ಹಾಸಿ ಇಸ್ತ್ರಿ ಮಾಡಿದ. ಎರಡನೇ ವರ್ಷ ನನ್ನ ಓದೋ ಡೆಸ್ಕಿನ ಮ್ಯಾಲ. ಮೂರನೇ ವರ್ಷ ಮೇಜಿನ ಮ್ಯಾಲ. ನಾಕನೇ ವರ್ಷ ಅಪ್ಪನ ಟ್ರಂಕಿನ ಮ್ಯಾಲ ಮೇಜಿಟ್ಟು, ತಾನು ಎರಡು ಊಟದ ಮಣಿ ಒಂದರ ಮ್ಯಾಲೊಂದು ಇಟ್ಟು ಹತ್ತಿ ನಿಂತು, ದೇವರಿಗೆ ಅಭಿಷೇಕ ಮಾಡಿದಂಗ ಅಂಗಿಗೆ ಇಸ್ತ್ರಿ ತಿಕ್ಕತಿದ್ದ.

ಆ ವಾರ ಮತ್ತೊಂದು ಗೇಣು ಹೋತು. ಈಗ ಇಸ್ತ್ರಿ ಮಾಮಾನ ಮೂಗಿಗೆ ಸಮಾ ಬಂದು ನಿಂತಿತು. ಮೂಗಿಗೆ ಇಸ್ತ್ರಿ ಮಾಡಬೇಕಿದ್ರ ಭಾಳ ಸಲೀಸ ಆಗ್ತಿತ್ತು, ಮಾಡಬೇಕಾಗಿದ್ದು ಪ್ಯಾಂಟಿಗೆ.

ಆ ಪ್ಯಾಂಟಿನ ಸಂಗತಿ ಹೇಳ್ತೀನಿ. ದೇಹೂ ರೋಡಿನ ಲಷ್ಕರಿ ಗೋದಾಮಿನಿಂದ ಮಾಮಾಗ ಕಾಗದ ಬಂದಿತ್ತು: ಸೋಮವಾರ ಮುಂಜಾನೆ ಒಂಬತ್ತಕ್ಕ ಕಾರಕೂನಕಿ ಸಂದರ್ಶನಕ್ಕ ಬರಬೇಕು. ಇದಕ್ಕ ಮೊದಲು ಮೂರು ಸಂದರ್ಶನ ಆಗಿದ್ವು, ಮೂರೂ ಬಿದ್ದಿದ್ವು. ಮಾಮಾನ ಪ್ರಕಾರ ಮೂರಕ್ಕೂ ಕಾರಣ ಅರಿವಿ. ಒಂದಕ್ಕ ಧೋತರದಾಗ ಹೋಗಿದ್ದ. ಒಂದಕ್ಕ ಅಪ್ಪನ ಕೋಟು ಹಾಕ್ಕೊಂಡು ಹೋಗಿದ್ದ, ಅದರಾಗ ಇನ್ನೊಬ್ಬಾಂವ ಸಹಿತ ಕೂಡ್ತಿದ್ದ. ಮೂರನೇದಕ್ಕ ಪ್ಯಾಂಟು ಹೊಲಿಸಿದ್ದ, ಆದ್ರ ರಾತ್ರಿ ಗಾದಿ ಕೆಳಗ ಒತ್ತಿಟ್ಟು ಮಲಗಿ, ನಿದ್ದ್ಯಾಗ ಹೊಳ್ಳಿ ಹೊಳ್ಳಿ, ಮುಂಜಾನೆ ತಗದ್ರ ಅದರ ಮ್ಯಾಲ ಸಹ್ಯಾದ್ರಿ ಘಟ್ಟ ಎದ್ದಿದ್ವು.

"ಸಾಹೇಬರು ಮೊದಲ ಪ್ಯಾಂಟಿನ ಗೆರಿ ನೋಡ್ತಾರ" ಅಂತಿದ್ದ ಮಾಮಾ. "ಗೆರಿ ನೆಟ್ಟಗಿದ್ರ ಮನಶ್ಯಾ ನೆಟ್ಟಗ ಅಂತ ತಿಳೀತಾರ."

ಅಪ್ಪ ಶನಿವಾರ ಊಟಕ್ಕ ಕೂತಾಗ ತಾಟು ನೋಡಕೋತನ ಹೇಳಿದ್ರು: "ಈ ಸಲ ಆಗಲಿಲ್ಲಂದ್ರ ಧಾರವಾಡಕ್ಕ ಹೋಗಿ ನಿಮ್ಮ ಕಾಕಾನ ಬೆಲ್ಲದ ಅಂಗಡ್ಯಾಗ ಕೂಡು. ನೊಣಾ ಹೊಡೀಲಿಕ್ಕೆ ಇಸ್ತ್ರಿ ಬೇಕಾಗೂದಿಲ್ಲ."

ಮಾಮಾ ಎರಡನೇ ಸಲ ಸಾರು ಬೇಡಲಿಲ್ಲ. ಅವ್ವನೂ ತಮ್ಮನ ಮಾರಿ ನೋಡಲಿಲ್ಲ. ಅಂದ್ರ ಕೆಲಸ ಗಂಭೀರ ಆಗಿತ್ತು. ಮಾಮಾ ಹೋದ್ರ ನನಗೂ ತೊಂದ್ರೀನ, ನನ್ನ ಗಣಿತ ಎಲ್ಲಾ ಅವನ ಬಿಡಸ್ತಿದ್ದ. ಜಾಣ ಹುಡುಗ್ಯಾರು ಎಲ್ಲಾ ಕೆಲಸ ತಾವ ಮಾಡಬಾರದು ಅಂತ ನನ್ನ ಅಭಿಪ್ರಾಯ.

ಓಣಿ ತುದಿ ಇಸ್ತ್ರಿಯವ ಅಂಗಡಿಗೆ ಕೀಲಿ ಹಾಕಿ ಮಗಳ ಮದವಿಗೆ ಊರಿಗೆ ಹೋಗಿದ್ದ. ತಂಬಿಗ್ಯಾಗ ಕೆಂಡ ತುಂಬಿ ತಿಕ್ಕು ಅಂತ ಅವ್ವ ಹೇಳಿದ್ಲು. ತಂಬಿಗಿ ದುಂಡಗ ಇರ್ತದ, ಅದರಿಂದ ಪ್ಯಾಂಟು ಚಪ್ಪಟಿ ಆಗ್ತದ, ಗೆರಿ ಮೂಡೂದಿಲ್ಲ. ಹೊಸಾ ವಾಯರು ಅಂದ್ರ, ಲಡಾಯಿ ನಡದಿತ್ತು, ಯಾವ ಅಂಗಡ್ಯಾಗ ಕೇಳಿದ್ರೂ "ಸಗಳಂ ಲಷ್ಕರಾಲಾ ಜಾತಂ", ಎಲ್ಲಾ ಲಷ್ಕರಕ್ಕ ಹೋಗ್ತದ ಅಂತ ಕೈ ತಿರುವಿ ತೋರಸ್ತಿದ್ರು. ರವಿವಾರ ಮುಂಜಾನೆ ಮಾಮಾ ಜುನಾ ಬಜಾರಿಗೆ ಹೋಗಿ, ತುಕ್ಕು ಹಿಡದ ಕೀಲಿ, ಒಡದ ಗಡಿಯಾರದ ನಡುವ ಕೆದರಿ ಕೆದರಿ, ಮೂರು ಗಜ ಹಸರು ವಾಯರು ಹುಡುಕಿ ತಂದ. ನಮ್ಮದು ಕಂದು, ಅದು ಹಸರು. ಎರಡೂ ಹತ್ತಿ ನೂಲಿನ ಹೆಣಿಕಿ, ಒಳಗ ಎರಡೆರಡು ಎಳಿ ತಾಮ್ರ. ಅದನ್ನ ಇದಕ್ಕ ಗಂಟು ಹಾಕಿ ಉದ್ದ ಮಾಡೂದು ಅಂತ ಠರಾವಾತು.

ನಮ್ಮನ್ಯಾಗ ಕರೆಂಟಿನ ವಿದ್ಯಾ ಗೊತ್ತಿದ್ದಾಕಿ ನಾನೊಬ್ಬಾಕಿ. ಶಾಲ್ಯಾಗ ವಿಜ್ಞಾನದ ಬಾಯಿ, ಅಂದ್ರ ನಮ್ಮ ಟೀಚರು, ಗಾಜಿನ ಕೋಲು ತಿಕ್ಕಿ ಕಾಗದದ ಚೂರು ಎತ್ತಿ ತೋರಿಸಿದಾಗ ಮೊದಲನೇ ಸಾಲಿನ್ಯಾಗ ಕೂತಾಕಿ ನಾನ. ಆದ್ರ ಶನಿವಾರ ಮುಂಜಾನೆ ನನಗ ಕಾಗಿ ಮುಟ್ಟಿತ್ತು. ಹಂಗಂದ್ರ ಏನು ಅಂತ ಹೆಣ್ಮಕ್ಕಳಿಗೆ ಹೇಳೂದು ಬ್ಯಾಡ, ಗಂಡಸರು ಮನ್ಯಾಗ ಕೇಳಿ ತಿಳಕೋರಿ. ಮೂರು ದಿವಸ ನಾ ಹೊರಗಿನಾಕಿ. ಪಡಸಾಲಿ ಕಿಡಕಿ ಮೂಲ್ಯಾಗ ಒಂದು ಗೋಣಿ ತಟ್ಟು, ಒಂದು ತಂಬಿಗಿ, ಒಂದು ಪುಸ್ತಕ, ಇಷ್ಟ ನನ್ನ ಸಂಸ್ಥಾನ. ಏನೂ ಮುಟ್ಟೂಹಂಗಿಲ್ಲ, ಯಾರೂ ನನ್ನ ಮುಟ್ಟೂಹಂಗಿಲ್ಲ.

ಇನ್ನೊಂದು ತುದ್ಯಾಗ ಅಡಿಗಿಮನಿ ಹೊಸ್ತಲದ ಒಳಗ ಅಜ್ಜಿ, ಅಪ್ಪನ ತಾಯಿ. ಅಕಿ ಮಡಿ. ಮುಂಜಾನೆ ಅಂಗಳದ ನಳದಾಗ ಸ್ನಾನ ಮಾಡಿ, ಒದ್ದಿ ಸೀರೀಲೆ ಪಡಸಾಲಿ, ನಡುಮನಿ ದಾಟಿ ಅಡಿಗಿಮನಿ ಸೇರಿದ್ಲಂದ್ರ ಊಟ ಆಗೋತನಕ ಯಾರನ್ನೂ ಮುಟ್ಟೂದಿಲ್ಲ. ಅಕಿ ಸೀರಿ ನಡುಮನಿ ಮ್ಯಾಲಿನ ಗಳದ ಮ್ಯಾಲ ಇರ್ತಿತ್ತು, ಕೋಲಿಂದ ಹಾಕಿ ಕೋಲಿಂದ ತಗೀತಿದ್ಲು. ಗಾಳಿ ಸಹಿತ ಅದನ್ನ ದೂರದಿಂದ ಕೇಳಿ ಮುಟ್ಟತಿತ್ತು.

ಅಂದ್ರ ನೋಡ್ರಿ: ಈ ಕಡೆ ನಾನು, ಏನೂ ಮುಟ್ಟಬಾರದಾಕಿ. ಆ ಕಡೆ ಅಜ್ಜಿ, ಏನೂ ಮುಟ್ಟದಾಕಿ. ನಡುವ ಏನು ಬೇಕಾದ್ದು ಮುಟ್ಟಬಹುದಾದಾಂವ ಮಾಮಾ ಒಬ್ಬನ, ಅವನಿಗೆ ಏನೂ ಗೊತ್ತಿಲ್ಲ.

ಮಾಮಾ ನಡುಮನ್ಯಾಗ ಕೂತು ಎರಡೂ ವಾಯರು ಮುಂದ ಹರವಿಕೊಂಡ. ಅಪ್ಪ ತಳೇಗಾಂವದಾಗ ಸ್ನೇಹಿತರ ಮನಿ ಸತ್ಯನಾರಾಯಣಕ್ಕ ಹೋಗಿದ್ರು, ಹಂಗಾಗಿ ಮನ್ಯಾಗ ಧೈರ್ಯ ಭಾಳ ಇತ್ತು.

ಅಜ್ಜಿ ಹೊಸ್ತಲದೊಳಗಿಂದ ಕೇಳಿದ್ಲು: "ಏ ತಮ್ಮಾ, ಇಷ್ಟು ಉದ್ದಾ ಮಾಡಿ ಎಲ್ಲೆ ಒಯ್ಯಾಂವ ಅದನ್ನ?"

"ಪಡಸಾಲ್ಯಾಗ ನೆಲದ ಮ್ಯಾಲ ಕಂಬಳಿ ಹಾಸಿ ಮಾಡ್ತೀನ್ರಿ ಅಜ್ಜಿ. ಟ್ರಂಕು ಹತ್ತೂದು ಇನ್ನ ಆಗೂದಿಲ್ಲ."

"ಅಂದ್ರ ಅದು ನಮ್ಮ ದಾರಿಗೆ ಅಡ್ಡ ಬೀಳ್ತದ."

"ಒಂದ ಘಳಿಗಿ ಅಷ್ಟರಿ."

"ಘಳಿಗಿ ಮಾತಲ್ಲೋ. ಅದರ ಮ್ಯಾಲಿಂದು ಹತ್ತಿ ಹೌದಿಲ್ಲೋ?"

"ಹೌದ್ರಿ."

"ಆ ತುದಿ ಪಡಸಾಲ್ಯಾಗ ಇಕಿ ಗೋಣಿ ತಟ್ಟಿನ ಬಾಜೂಕ. ಈ ತುದಿ ನನ್ನ ಗಳದ ಕೆಳಗ. ನಡುವ ಅಖಂಡ ಹತ್ತಿ. ಇಕಿ ಅಲ್ಲೆ ಕಾಲು ಚಾಚಿದ್ರ ಮೈಲಿಗಿ ಇಲ್ಲಿಗೆ ಬಂದು ಹಾಲಿನ ಬೋಗುಣ್ಯಾಗ ಕೂಡ್ತದ."

ನಾನು ಕಿಡಕಿ ಮೂಲಿಂದ, "ಅಜ್ಜಿ, ಮೈಲಿಗಿ ವಾಯರಿನ್ಯಾಗ ಹೋಗೂದಿಲ್ಲ, ಕರೆಂಟು ಹೋಗ್ತದ" ಅಂದೆ.

"ಜಮಖಾನಿ ಮ್ಯಾಲ ಹೋಗ್ತದ, ಹಗ್ಗದ ಮ್ಯಾಲ ಹೋಗ್ತದ, ವಾಯರಿನ ಮ್ಯಾಲ ಯಾಕ ಹೋಗೂದಿಲ್ಲ? ಅದಕ್ಕೇನು ರೈಲು ಚೀಟಿ ಬೇಕೇನು?"

ಅವ್ವ ಅಕ್ಕಿ ಆರಿಸಿಕೋತ ನಕ್ಕು, ಅಜ್ಜಿಗೆ ಕಾಣಬಾರದು ಅಂತ ಮೊರದೊಳಗ ಮಾರಿ ಹಾಕಿದ್ಲು.

ನಾ ಜಾಣಿ ಅಲ್ಲೇನು, ಅಲ್ಲೇ ಒಂದು ಉಪಾಯ ತಗದೆ. "ಮಾಮಾ, ಗಂಟಿಗೆ ಸುತ್ತೋ ಅರಿವಿ ಪಟ್ಟಿ ಮೊದಲು ನೀರಾಗ ಅದ್ದಿ ಹಿಂಡು. ಒದ್ದಿ ಅರಿವಿ ಅಂದ್ರ ಮಡಿ. ಮಡಿ ಪಟ್ಟಿ ನಡುವ ಇದ್ರ ಮೈಲಿಗಿ ಅಲ್ಲೇ ನಿಲ್ತದ, ಅಜ್ಜಿ ಏನೂ ಅನ್ನೂಹಂಗಿಲ್ಲ." ಹೇಳಿ ಮುಗಿಸಿ ನನ್ನ ಬುದ್ಧಿಗೆ ನಾನ ತಲಿದೂಗಿದೆ. ವಿಜ್ಞಾನ ಮತ್ತ ಶಾಸ್ತ್ರ ಎರಡನ್ನೂ ಒಂದ ಪಟ್ಟಿಯೊಳಗ ಕೂಡಿಸಿದಾಕಿ ಪುಣ್ಯಾದಾಗ ಇನ್ನೊಬ್ಬಾಕಿ ಇದ್ರ ತೋರಸ್ರಿ.

ಮಾಮಾ ನಾ ಹೇಳಿದಂಗ ಮಾಡಿದ. ನೂಲು ಹೆರದ, ನಾಕೂ ತುದಿಯ ತಾಮ್ರ ಬಿಚ್ಚಿದ.

"ಈಗ ಕಂದುದರ ಒಂದು ಎಳಿ ಹಸರುದರ ಒಂದು ಎಳಿಗೆ ತಿರುವು" ಅಂದೆ.

"ಯಾವುದಕ್ಕ ಯಾವುದು?"

"ಯಾವುದಾದ್ರೂ ನಡೀತದ. ಒಂದರಾಗ ಹೋಗ್ತದ, ಇನ್ನೊಂದರಾಗ ಬರ್ತದ. ಎರಡನೇ ಗಂಟು ಅದರ ಬಾಜೂಕ ಹಾಕು, ನೀಟಾಗಿ ಕಾಣ್ತದ."

ನೀಟಾಗಿನ ಹಾಕಿದ. ಎರಡೂ ಗಂಟು ಜೋಡೆತ್ತಿನಂಗ ಬಾಜೂ ಬಾಜೂಕ ಕೂತ್ವು. ಎರಡನ್ನೂ ಕೂಡಿಸಿ ಒದ್ದಿ ಪಟ್ಟಿ ಸುತ್ತಿ, ಮ್ಯಾಲ ದಾರ ಬಿಗದ. ಅವ್ವನೂ ಕೈ ಬಿಟ್ಟು ನೋಡಲಿಕ್ಕೆ ನಿಂತ್ಲು. ಮಾಮಾ ಮಣಿ ಹತ್ತಿ ಬಲ್ಬು ತಗದು, ವಾಯರಿನ ತುದಿ ಹೋಲ್ಡರಿಗೆ ಸಿಗಿಸಿ ತಿರುವಿದ.

ಫಟ್ ಅಂತು. ನೀಲಿ ಬೆಳಕು ಬಂತು. ಪಟ್ಟಿಯೊಳಗಿಂದ ಇಡ್ಲಿ ಪಾತ್ರಿ ಮುಚ್ಚಳ ತಗದಂಗ ಹಬಿ ಎದ್ದಿತು. ಮಾಮಾ ಮಣಿಯಿಂದ ಜಿಗದು ಟ್ರಂಕಿನ ಮ್ಯಾಲ ಕೂತ. ಎಷ್ಟು ಎತ್ತರ ಜಿಗದ ಅಂತ ನಾ ಹೇಳಿದ್ರ ನೀವು ನಂಬೂದಿಲ್ಲ, ಅದಕ್ಕ ಅರ್ಧ ಹೇಳ್ತೀನಿ: ತೊಲಿ ತನಕ.

ಮ್ಯಾಲಿನ ಮಜಲಿನಿಂದ ಮಾಲಕರ ದನಿ ಬಂತು. "ಕಾಯ್ ಝಾಲಂ ಹೋ ವೈನೀ?" ಏನಾತ್ರಿ ಅಂತ.

ಅವ್ವ ಎರಡು ಉಸರು ತಗೊಂಡು, "ಕಾಹೀ ನಾಹೀ, ಪಾಪಡ ಭಾಜತೇಯ್" ಅಂದ್ಲು, ಹಪ್ಪಳ ಸುಡಲಿಕತ್ತೀನಿ ಅಂತ.

"ಪಾಪಡಾಚಾ ಏವಢಾ ಆವಾಜ?" ಹಪ್ಪಳಕ್ಕ ಇಷ್ಟು ಸಪ್ಪಳ ಏನು ಅಂತ ಅವರ ಸಂಶಯ.

"ಆಮಚ್ಯಾಕಡಚೇ ಆಹೇತ. ಕಡಕ ಅಸತಾತ." ನಮ್ಮ ಕಡೇವು, ಕಡಕ್ ಇರ್ತಾವ ಅಂದ್ಲು ಅವ್ವ. ಮಾಲಕರು ಸುಮ್ಮನಾದ್ರು. ಅವತ್ತಿನಿಂದ ಆ ವಾಡೇದಾಗ ಕನ್ನಡದವರ ಹಪ್ಪಳ ಅಂದ್ರ ಒಂದು ಭಯಾ ಅದ.

ಬಾಗಲದ ಮ್ಯಾಲಿನ ಫ್ಯೂಜು ಸುಟ್ಟು ಕರ್ರಗಾಗಿತ್ತು. ಮಾಮಾ ಪ್ಯಾಂಟು ತೊಡಿ ಮ್ಯಾಲ ಹಾಕ್ಕೊಂಡು ಕೂತ. ನಾ ಏನರ ನಗಚಾಟಿಕಿ ಮಾಡಬೇಕಂತ ಬಾಯಿ ತಗದೆ, ಅವನ ಮಾರಿ ನೋಡಿ ಮುಚ್ಚಿದೆ. ಅದು ನನ್ನ ಜೀವನದಾಗ ಎರಡನೇ ಸಲ.

"ಬೆಲ್ಲದ ಅಂಗಡೀನ ಬರದದ ಅಂತ ಕಾಣಸ್ತದ ಅಕ್ಕಾ" ಅಂದ. "ಹೋಗಲಿ. ಅಲ್ಲೆ ಪ್ಯಾಂಟಿಗೆ ಗೆರಿ ಬ್ಯಾಡ."

ಅವ್ವ ಸೆರಗಿನಿಂದ ಮೊರದ ಅಂಚು ಒರಸಿಕೋತ ಕೂತ್ಲು. ಅದರ ಮ್ಯಾಲ ಒರಸೂಹಂಗ ಏನೂ ಇರಲಿಲ್ಲ.

ಆವಾಗ ಅಜ್ಜಿ ಹೊಸ್ತಲದ ತನಕ ಬಂದು ನಿಂತ್ಲು.

"ಏ ಶಾಣ್ಯಾಕಿ," ಅಂದ್ಲು ನನಗ, "ಒದ್ದಿ ಹತ್ತಿ ಅರಿವಿ ಸುತ್ತಲಿಕ್ಕೆ ಹೇಳಿದಾಕಿ ನೀನ ಅಲ್ಲೇನು?"

"ಮಡಿ ಆಗ್ಲಿ ಅಂತ..."

"ಒದ್ದಿ ಅರಿವಿ ಯಾರೂ ಮುಟ್ಟದಿದ್ರ ಮಡಿ. ಮುಟ್ಟಿದ್ರ ಅದಕ್ಕಿಂತ ಜಲ್ದಿ ಮೈಲಿಗಿ ಹಾಯಿಸೂದು ಬ್ಯಾರೆ ಇಲ್ಲ. ಅದರಾಗ ಮೈಲಿಗೀನ ನಿಲ್ಲೂದಿಲ್ಲ, ನಿಮ್ಮ ಕರೆಂಟು ನಿಲ್ತದೇನು?"

"ಅಜ್ಜಿ, ಕರೆಂಟು ಬ್ಯಾರೆ..."

"ಏನು ಬ್ಯಾರೆ? ಕಣ್ಣಿಗೆ ಕಾಣಸ್ತದೇನು?"

"ಇಲ್ಲ."

"ಮುಟ್ಟಿದ್ರ ಬರ್ತದೋ ಇಲ್ಲೋ?"

"ಬರ್ತದ."

"ಮುಟ್ಟಿದವರನ್ನ ಮುಟ್ಟಿದ್ರ?"

"...ಬರ್ತದ."

"ನೀರಾಗ?"

"ಜಲ್ದಿ ಬರ್ತದ."

"ಕಟಗಿ ಮಣಿ ಮ್ಯಾಲ ನಿಂತ್ರ?"

ವಿಜ್ಞಾನದ ಬಾಯಿ ಕಟಗಿ ಬಗ್ಗೆ ಹೇಳಿದ ದಿವಸ ನಾ ನೋಟಬುಕ್ಕಿನ್ಯಾಗ ಸರಿಯಾಗಿ ಬರಕೊಂಡಿದ್ದೆ, ಕಟಗಿ ತಡೀತದ ಅಂತ.

"ಇದರಾಗ ಹೊಸಾದೇನದ?" ಅಂದ್ಲು ಅಜ್ಜಿ. "ಐವತ್ತು ವರ್ಷದಿಂದ ಇದನ್ನ ನೋಡಲಿಕತ್ತೀನಿ. ಹತ್ತೀಲೆ ಹಾಯ್ತದ, ರೇಷ್ಮೀಲೆ ಹಾಯೂದಿಲ್ಲ. ನಿಮ್ಮಪ್ಪನ ಹಳೇ ಮಗುಟ ತಗದು ಅಂಚಿನಿಂದ ಎರಡು ಪಟ್ಟಿ ಹರೀರಿ."

ಮಗುಟ ಅಂದ್ರ ಅಪ್ಪ ಪೂಜಾಕ್ಕ, ಊಟಕ್ಕ ಉಡೋ ರೇಷ್ಮಿ ಧೋತರ. ಅದನ್ನ ಹರೀಲಿಕ್ಕೆ ಅವ್ವನ ಕೈ ಏಳಲಿಲ್ಲ. "ಅತ್ಯಾ, ಅವರು ಬಂದು ಕೇಳಿದ್ರ?"

"ನನ್ನ ಮಗಗ ನಾ ಹೇಳ್ತೀನಿ. ಹರಿ."

ಚರ್ರ್ ಅಂತ ಸಪ್ಪಳ ಆತು. ನನಗ ಆವಾಗ ನೆನಪಾತು: ಬಾಯಿ ಗಾಜಿನ ಕೋಲು ತಿಕ್ಕಿದ್ದು ರೇಷ್ಮಿ ಅರಿವೀಲೆ. ರೇಷ್ಮಿಯೊಳಗ ಕರೆಂಟು ಹಾಯೂದಿಲ್ಲ ಅಂತ ಕರೀ ಹಲಗಿ ಮ್ಯಾಲ ಬರದಿದ್ರು. ಮೊದಲನೇ ಸಾಲಿನ್ಯಾಗ ಕೂತು ನಾ ಬರಕೊಂಡದ್ದು ನನ್ನ ಅಜ್ಜಿಗೆ ಅಡಿಗಿಮನ್ಯಾಗ ಕೂತು ಗೊತ್ತಿತ್ತು. ಇದನ್ನ ನಾ ಯಾರ ಮುಂದೂ ಹೇಳಿಲ್ಲ, ಇಲ್ಲಿ ಬರದೀನಿ ಅಷ್ಟ, ಅಜ್ಜಿಗೆ ಓದಲಿಕ್ಕೆ ಬರೂದಿಲ್ಲ.

ಮಾಮಾ ಸುಟ್ಟ ಗಂಟು ಕತ್ತರಿಸಿ, ಮತ್ತ ಮೊದಲಿನಂಗನ ಬಾಜೂ ಬಾಜೂಕ ಹಾಕಲಿಕ್ಕೆ ಕೂತ. ಅಜ್ಜಿ ಕೋಲು ತಗೊಂಡು ದೂರದಿಂದನ ತೋರಿಸಿದ್ಲು.

"ಅಲ್ಲೋ ತಮ್ಮಾ, ಒಂದು ಹೋಗ್ತದ, ಒಂದು ಬರ್ತದ ಅಂತ ಇಕಿ ಮುಂಜಾನಿಂದ ಒದರಲಿಕತ್ತಾಳ. ಹೋಗಾಕಿ, ಬರಾಕಿ ಇಬ್ಬರೂ ಒಂದ ಜಾಗಾದಾಗ ಅರಿವಿ ಬಿಚ್ಚಿ ನಿಂತ್ರ ಹ್ಯಾಂಗ? ಓಣಿ ಸಣ್ಣದು, ಮೈ ತಾಗ್ತದ. ಒಬ್ಬಾಕೀನ ಆ ಕಟ್ಟಿ ಹತ್ರ ನಿಂದರಸು, ಇನ್ನೊಬ್ಬಾಕೀನ ಒಂದು ಗೇಣು ಈಚೆ ನಿಂದರಸು. ಒಬ್ಬಾಕಿ ಬಿಚ್ಚಿದಲ್ಲೆ ಇನ್ನೊಬ್ಬಾಕಿ ಮೈತುಂಬ ಉಟ್ಟಿರಬೇಕು."

ಮಾಮಾ ವಾಯರು ನೋಡಿದ, ಅಜ್ಜೀನ ನೋಡಿದ. ಕಂದುದರ ಒಂದು ಎಳಿ ಒಂದು ಗೇಣು ಗಿಡ್ಡ ಕತ್ತರಿಸಿದ, ಹಸರುದರಾಗ ಅದರ ಜೋಡಿದಾರ ಎಳೀನ ಅಷ್ಟ ಉದ್ದ ಬಿಟ್ಟು ಇನ್ನೊಂದನ್ನ ಗಿಡ್ಡ ಮಾಡಿದ. ಒಂದು ಗಂಟು ಇಲ್ಲೆ, ಒಂದು ಗಂಟು ಅಲ್ಲೆ. ಎರಡಕ್ಕೂ ಬ್ಯಾರೆ ಬ್ಯಾರೆ ಮಗುಟದ ಪಟ್ಟಿ, ಒಣಾದು, ಏಳೇಳು ಸುತ್ತು. ಅಂಚಿನ ಜರಿ ಅಜ್ಜಿ ತಗಿಸಿದ್ಲು. "ಅದು ಲೋಹ, ನಂಬಬ್ಯಾಡ್ರಿ" ಅಂದ್ಲು. ಅದನ್ನ ನಾ ಹೇಳಬೇಕಂತ ಮಾಡಿದ್ದೆ, ಅಷ್ಟರಾಗ ಅಕಿ ಹೇಳಿದ್ಲು.

ಫ್ಯೂಜಿಗೆ ವಾಯರಿನಿಂದಾನ ಒಂದು ಕೂದಲೆಳಿ ತಾಮ್ರ ತಗದು ಕಟ್ಟು ಅಂತ ನಾ ಹೇಳಿದೆ. ಅದು ಮಾತ್ರ ಖರೇನ ನಂದು. ಮಾಮಾ ಕೈ ಒರಸಿಕೊಂಡು, ಎರಡು ಮಣಿ ಮ್ಯಾಲ ನಿಂತು ಕಟ್ಟಿದ. ಮತ್ತ ವಾಯರು ಸಿಗಿಸಿದ. ಅವ್ವ ಕಣ್ಣು ಮುಚ್ಚಿದ್ಲು. ನಾ ಕಿವಿ ಮುಚ್ಚಿದೆ. ಅಜ್ಜಿ ಏನೂ ಮುಚ್ಚಲಿಲ್ಲ.

ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಮಾಮಾ ಬೊಟ್ಟಿಗೆ ಉಗಳು ಹಚ್ಚಿ ಇಸ್ತ್ರಿಗೆ ತಾಗಿಸಿದ. ಚುಸ್ ಅಂತು.

ಪಡಸಾಲ್ಯಾಗ ಕಂಬಳಿ ಹಾಸಿ, ನನ್ನ ಗೋಣಿ ತಟ್ಟಿನಿಂದ ಮೂರು ಮೊಳ ದೂರ, ಮಾಮಾ ಆ ಪ್ಯಾಂಟಿಗೆ ಒಂದು ತಾಸು ಇಸ್ತ್ರಿ ಮಾಡಿದ. ಗೆರಿ ಎಷ್ಟು ಚೂಪಾತಂದ್ರ ಅದರಿಂದ ಬದನೀಕಾಯಿ ಹೆಚ್ಚಬಹುದಾಗಿತ್ತು. ಅಜ್ಜಿ ನಡುಮನಿ ಬಾಗಲಕ್ಕ ಬಂದು, ನೆಲದ ಮ್ಯಾಲಿನ ವಾಯರು ನೋಡಿ, ಮಗುಟದ ಪಟ್ಟಿ ಇದ್ದಲ್ಲೆ ಸೀರಿ ಎತ್ತಿ ಹಿಡಕೊಂಡು ಸಾವಕಾಶ ದಾಟಿ, ಮತ್ತ ಹೊಳ್ಳಿ ದಾಟಿದ್ಲು. ಅಂಗಳದಾಗ ಅಕಿಗೆ ಏನೂ ಕೆಲಸ ಇರಲಿಲ್ಲ. ಮಗುಟದ ಕೆಲಸ ಪರೀಕ್ಷಾ ಮಾಡಿದ್ಲು ಅಷ್ಟ.

ಸಂಜಿಗೆ ಅಪ್ಪ ಬಂದು ಪೂಜಾಕ್ಕ ಮಗುಟ ಉಟ್ರು. ಕೂತ್ರ ಮೊಣಕಾಲು ಹೊರಗ ಬಂದ್ವು. ಎಳದ್ರು, ಮತ್ತ ಎಳದ್ರು.

"ಇದು ಗಿಡ್ಡ ಯಾಕಾಗೇದ?"

"ನಿನ್ನ ಹೆಂಡ್ತಿ ತಮ್ಮನ ನೌಕರಿಗೆ ಹೋತು" ಅಂದ್ಲು ಅಜ್ಜಿ.

"ನೌಕರಿ ಇನ್ನೂ ಸಿಕ್ಕಿಲ್ಲಲ್ಲಾ?"

"ಸಿಗದಿದ್ರ ಇನ್ನೆರಡು ಪಟ್ಟಿ ಹರೀತೀನಿ."

ಅಪ್ಪ ಮೊಣಕಾಲಿನ ಮ್ಯಾಲ ಮೈ ಒರಸೋ ಪಂಜಾ ಹಾಕ್ಕೊಂಡು ಪೂಜಾ ಮುಗಿಸಿದ್ರು.

ಸೋಮವಾರ ನಡದದ್ದು ನಾ ನೋಡಿಲ್ಲ, ಮಾಮಾ ಹೇಳಿದ್ದು. ಅವ ಹೇಳಿದ್ದರಾಗ ಅರ್ಧ ಬಿಡ್ರಿ. ನಾ ಬರದದ್ದರಾಗೂ ಬಿಡಬಹುದು, ಆದ್ರ ಯಾವ ಅರ್ಧ ಅಂತ ನಾ ಹೇಳೂದಿಲ್ಲ.

ಲೋಣಾವಳದ ಗಾಡ್ಯಾಗ ಮಾಮಾಗ ಕೂಡಲಿಕ್ಕೆ ಜಾಗಾ ಇತ್ತಂತ. ಕೂತ್ರ ಗೆರಿ ಮುರೀತದ ಅಂತ ನಿಂತ. ಚಿಂಚವಾಡದ ಹತ್ರ ಒಬ್ಬ ಮುದುಕ, "ಬಸಾ ನಾ ಹೋ", ಕೂಡ್ರಿ ಅಂತ ಸರದು ಜಾಗಾ ಮಾಡಿದ. ಮಾಮಾ, "ನಕೋ, ಅಸಂಚ ಬರಂ ವಾಟತಂ", ಹಿಂಗ ಬರೋಬರಿ ಅದ ಅಂದ. ಮುದುಕ ಇವಗ ಮೂಲವ್ಯಾಧಿ ಇರಬೇಕಂತ ತಿಳಕೊಂಡು ದೇಹೂ ರೋಡು ಬರೋ ತನಕ ಔಷಧ ಹೇಳಿದ್ನಂತ.

ಗೋದಾಮಿನ ಗೇಟಿನ ಒಳಗ ಬೇವಿನ ಗಿಡದ ಕೆಳಗ ಐವತ್ತರವತ್ತು ಮಂದಿ ಉಮೇದವಾರರು. ಕುರ್ಚಿ ಇಲ್ಲ, ಬಾಕು ಇಲ್ಲ. ಎಲ್ಲಾರೂ ಮಣ್ಣಿನ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತ್ರು. ಅವರ ಪ್ಯಾಂಟಿಗೂ ಗೆರಿ ಇದ್ವು, ಹತ್ತು ಮಿನಿಟಿನ್ಯಾಗ ಹೋದ್ವು. ಮಾಮಾ ಒಬ್ಬನ ನಿಂತ. ಒಂಬತ್ತಾತು, ಹತ್ತಾತು, ಹನ್ನೊಂದಾತು. ಗಿಡದ ಮ್ಯಾಲಿನ ಒಂದು ಕಾಗಿ ಎಡಗಾಲಿನ ಗೆರಿ ಮ್ಯಾಲ, ಸರಿಯಾಗಿ ಗೆರಿ ಮ್ಯಾಲ, ತನ್ನ ಕೆಲಸ ಮುಗಿಸಿ ಹಾರಿ ಹೋತು. ಆ ಮೂರು ದಿವಸ ಕಾಗಿಗೆ ನಮ್ಮನಿಯವರ ಮ್ಯಾಲನ ಕಣ್ಣಿತ್ತು ಅಂತ ಕಾಣಸ್ತದ. ಹಂಗಾದ್ರೂ ಮಾಮಾ ಕೂಡಲಿಲ್ಲ. ಬಲಗಾಲಿಂದಾದ್ರೂ ಉಳೀಲಿ ಅಂತ.

ಹನ್ನೊಂದೂವರಿಗೆ ಸಾಹೇಬ ಹೊರಗ ಬಂದ. ಎಲ್ಲಾರೂ ಧಡಪಡಿಸಿ ಎದ್ದು ಹಿಂದ ಮಣ್ಣು ಜಾಡಿಸಿಕೊಳ್ಳಲಿಕ್ಕೆ 'ಚಪ್ ಚಪ್' ಅಂತ ಬಡಕೊಂಡ್ರು. ಮಾಮಾ ಮೊದಲಿಂದ ಗೂಟದಂಗ ನಿಂತಾಂವ ಹಂಗ ನಿಂತಿದ್ದ.

ಸಾಹೇಬ ಅವನ ಮುಂದ ಬಂದು, ಎಷ್ಟೊತ್ತಿಂದ ನಿಂತೀದಿ ಅಂತ ಕೇಳಿದ.

"ಎಂಟೂವರಿಯಿಂದ ಸರ್."

"ಯಾರು ನಿಂದರಲಿಕ್ಕೆ ಹೇಳಿದ್ರು?"

"ಯಾರೂ ಇಲ್ಲ ಸರ್."

ಸಾಹೇಬಗ ಇದು ಶಿಸ್ತು ಅಂತ ಕಂಡಿತು. ಪ್ಯಾಂಟಿನ ಕಡೆ ಅವ ನೋಡಲೇ ಇಲ್ಲ. ಮಾಮಾನ ಮೊದಲು ಒಳಗ ಕರದ. ಒಳಗ ಒಂದು ಲೆಕ್ಕ ಬಿಡಿಸಿದ, ಒಂದು ಅರ್ಜಿ ಬರಿಸಿದ, ಆಮ್ಯಾಲ ಕೇಳಿದ, ಲಷ್ಕರಿ ಸಾಮಾನಿನ ಬಗ್ಗೆ ಏನರ ಗೊತ್ತದೇನು? ವಾಯರಿನ ಬಗ್ಗೆ?

ಮಾಮಾಗ ಹಿಂದಿನ ದಿವಸದ್ದೊಂದ ಗೊತ್ತಿತ್ತು. ಎರಡು ಎಳಿ ಗಂಟು ಒಂದ ಜಾಗಾದಾಗ ಹಾಕಬಾರದು, ಹಿಂದ ಮುಂದ ಹಾಕಬೇಕು, ಒಣಾ ರೇಷ್ಮಿ ಸುತ್ತಬೇಕು, ಜರಿ ತಗೀಬೇಕು ಅಂತ ಒಂದ ಉಸರಿಗೆ ಹೇಳಿದ. ಸಾಹೇಬ ಪೆನ್ನು ಕೆಳಗಿಟ್ಟ.

"ಯಾರು ಕಲಿಸಿದ್ರು?"

"ಮನ್ಯಾಗ ಹಿರಿಯರಿದ್ದಾರ ಸರ್."

"ಅವರು ಇದೇ ಕೆಲಸದಾಗ ಇದ್ದಾರೇನು?"

"ಐವತ್ತು ವರ್ಷ ಆತು ಸರ್" ಅಂದ ಮಾಮಾ.

ಸಂಜಿಗೆ ಅವ ಕಾಗದ ಹಿಡಕೊಂಡು ಬಂದಾಗ ಅವ್ವ ಅದನ್ನ ಇಸಕೊಂಡು, ಓದಲಿಲ್ಲ, ದೇವರ ಮುಂದ ಇಟ್ಟು ಹೊಳ್ಳಿ ತಂದು ಆಮ್ಯಾಲ ಓದಿದ್ಲು. ವಾಯರಿನ ಗೋದಾಮಿನ್ಯಾಗ ಕಾರಕೂನ. ಅಪ್ಪ ಬೆಲ್ಲದ ಮಾತು ತಗೀಲಿಲ್ಲ. ಆ ದಿವಸ ಮಾಮಾ ಮೂರು ಸಲ ಸಾರು ಬೇಡಿದ.

ಇದೆಲ್ಲಾ ನನ್ನಿಂದ ಆತು ಅಂತ ನಾ ಶಾಲ್ಯಾಗ ಹೇಳಿಕೊಂಡು ಅಡ್ಡಾಡಿದೆ. ನಾ ಒದ್ದಿ ಪಟ್ಟಿ ಸುತ್ತಲಿಕ್ಕೆ ಹೇಳಿರಲಿಲ್ಲಂದ್ರ ಫಟ್ ಅಂತಿರಲಿಲ್ಲ, ಫಟ್ ಅಂದಿರಲಿಲ್ಲಂದ್ರ ಅಜ್ಜಿ ಬಾಯಿ ಬಿಡ್ತಿರಲಿಲ್ಲ, ಅಜ್ಜಿ ಬಾಯಿ ಬಿಟ್ಟಿರಲಿಲ್ಲಂದ್ರ ಸಾಹೇಬಗ ಹೇಳಲಿಕ್ಕೆ ಮಾಮಾನ ಕಡೆ ಏನೂ ಇರ್ತಿರಲಿಲ್ಲ. ಲೆಕ್ಕ ಬರೋಬರಿ ಅದ. ಗೆಳತ್ಯಾರು ಒಪ್ಪಲಿಲ್ಲ.

ಮಾಮಾನ ಗೋದಾಮಿನ್ಯಾಗ ಈಗ ನಮ್ಮ ವಾಡೇಕಿಂತ ಎತ್ತರ ವಾಯರಿನ ಉರುಳಿ ಅದಾವಂತ. ಹೊಸಾವು, ಹೊಳೀತಾವಂತ. ಗೇಟಿನ್ಯಾಗ ಕಿಸೆ ತಪಾಸ ಮಾಡಿ ಬಿಡ್ತಾರ, ಒಂದು ಬೊಟ್ಟಿನಷ್ಟೂ ಹೊರಗ ಬರೂಹಂಗಿಲ್ಲ. ದಿವಸಾ ಅವನ್ನೆಲ್ಲಾ ನೋಡಿ ಮನಿಗೆ ಬಂದು, ಜುನಾ ಬಜಾರಿನ ಹಸರು ವಾಯರೀಲೆ ಮರುದಿವಸದ ಪ್ಯಾಂಟಿಗೆ ಇಸ್ತ್ರಿ ಮಾಡ್ತಾನ.

ನಾನು ಆ ಮಂಗಳವಾರ ಮುಂಜಾನೆ ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಬಂದೆ. ಎಲ್ಲಾದಕ್ಕಿಂತ ಮೊದಲು ಆ ವಾಯರಿನ ಹತ್ರ ಹೋದೆ. ಮೂರು ದಿವಸ ಅದರ ಬಗ್ಗೆ ಇಷ್ಟು ಮಾತಾಡಿ, ಒಂದು ಸಲನೂ ಮುಟ್ಟಿರಲಿಲ್ಲ. ಬೊಟ್ಟಿಲೆ ಸವರಿದೆ. ಕಂದು, ಆಮ್ಯಾಲ ಒಂದು ಉಬ್ಬು, ಒಂದು ಗೇಣು ಬಿಟ್ಟು ಇನ್ನೊಂದು ಉಬ್ಬು, ಆಮ್ಯಾಲ ಹಸರು. ರೇಷ್ಮಿ ಥಣ್ಣಗಿತ್ತು.

ಅಡಿಗಿಮನ್ಯಾಗಿಂದ ಅಜ್ಜಿ, "ಮುಟ್ಟಿದೇನು?" ಅಂದ್ಲು.

"ಹೂಂ."

"ರೇಷ್ಮಿ ಇದ್ದಲ್ಲೆ ಮುಟ್ಟೀದ್ಯೋ, ಹತ್ತಿ ಇದ್ದಲ್ಲೋ?"

"ಎರಡೂ."

"ಹಂಗಾರ ಕೈ ತೊಳಕೊಂಡು ಬಾ."